ಬಯಲ ತೋಳಕ್ಕೆ ಹುಲ್ಲಿನ ಬಣ್ಣ ಬಂದದ್ದು

ಗುಡ್ಡದ ಬಂಡೆಗಳು ಇನ್ನೂ ಆರದೆ ಬಿಸಿಯಾಗಿದ್ದ, ತುಂಗಭದ್ರೆ ತನ್ನ ದಾರಿ ಹುಡುಕುತ್ತಿದ್ದ ಕಾಲ ಅದು. ಆಗ ತೋಳಗಳೆಲ್ಲ ಬಡಗಣದ ಹಿಮದ ಬೆಟ್ಟಗಳಲ್ಲಿದ್ದವು. ಅವುಗಳ ಮೈತುಂಬ ದಪ್ಪನೆಯ ಕಪ್ಪು ಕೂದಲು.

ಒಂದು ವರ್ಷ ಹಿಮ ಬಿದ್ದೇ ಬಿತ್ತು. ತಿನ್ನಲು ಏನೂ ಉಳಿಯಲಿಲ್ಲ. ಕರಿಯವ್ವ ಎಂಬ ತಾಯಿತೋಳ ಮೂರು ಮರಿಗಳನ್ನು ಕರೆದುಕೊಂಡು ತೆಂಕಣಕ್ಕೆ ಹೊರಟಿತು. ನಡೆದು ನಡೆದು ದೊಡ್ಡ ಕಾಡಿನ ಅಂಚು ಮುಟ್ಟಿತು.

ಅಲ್ಲಿದ್ದ ಹುಲಿ, "ಇಲ್ಲಿ ಜಾಗ ಇಲ್ಲವ್ವ. ಮೂಡಲ ಕಡೆ ಬಯಲೈತಿ. ಅಲ್ಲಿಗೆ ಹೋಗು," ಅಂದಿತು.

ಬಯಲೆಂದರೆ ಬಯಲೇ. ಅಲ್ಲೊಂದು ಬಂಡೆಗುಡ್ಡ, ಇಲ್ಲೊಂದು ಮುಳ್ಳುಕಂಟಿ, ಉಳಿದದ್ದೆಲ್ಲ ಹುಲ್ಲು. ನೆಲ ಕಾದ ಹೆಂಚಿನಂತೆ ಸುಡುತ್ತಿತ್ತು. ದಪ್ಪ ಕೂದಲೊಳಗೆ ಬೆಂದು ಕಿರಿಯ ಮರಿ ಏಳಲಾಗದೆ ಏದುಸಿರು ಬಿಡುತ್ತ ಮಲಗಿತು.

"ಗಾಳಿಯಪ್ಪ, ಚೂರು ಮಳೆ ತಾ," ಎಂದು ಕರಿಯವ್ವ ಬೇಡಿತು.

"ಮಳೆನೆಲ್ಲ ಪಡುವಣದ ಬೆಟ್ಟಗಳೇ ಇಳಿಸಿಕೊಂಡವು ತಾಯಿ," ಅಂದಿತು ಗಾಳಿ. "ಬೇಕಾದರ ನಿಮ್ಮ ಮೈಮ್ಯಾಲಿನ ಕೂದಲು ಹಾರಿಸ್ತೀನಿ. ಆಮ್ಯಾಲೆ ಹಿಮದ ಬೆಟ್ಟಕ್ಕ ತಿರುಗಿ ಹೋಗಾಕ ಆಗೂದಿಲ್ಲ, ನೋಡು."

ಕರಿಯವ್ವ ಬಡಗಣಕ್ಕೆ ತಿರುಗಿ ನೋಡಿತು. ಅದರ ಅವ್ವ, ಅಕ್ಕತಂಗಿಯರು ಅಲ್ಲಿದ್ದರು. ಮಲಗಿದ ಮರಿಯನ್ನೂ ನೋಡಿತು. "ಹಾರಿಸಪ್ಪ," ಅಂದಿತು.

ಗಾಳಿ ಬೀಸಿತು. ಕೂದಲು ತೆಳ್ಳಗಾಯಿತು. ಕಿರಿಯ ಮರಿ ಮೆಲ್ಲಗೆ ಎದ್ದು ನಿಂತಿತು.

ಆದರೆ ಆ ಬಯಲಲ್ಲಿ ಕಪ್ಪು ಮೈ ಹರದಾರಿ ದೂರಕ್ಕೂ ಕಾಣುತ್ತಿತ್ತು. ಮರಿಗಳ ಮೇಲೆ ಹದ್ದು ಸುತ್ತತೊಡಗಿತು. ಚಿಗರೆಗಳು ಕಂಡ ಕೂಡಲೇ ಓಡಿಹೋದವು. ಮೂರು ದಿನ ಎಲ್ಲರೂ ಉಪವಾಸ.

ಕರಿಯವ್ವ ನೆಲಕ್ಕೆ ಮುಖ ಹಚ್ಚಿ, "ಹುಲ್ಲವ್ವ, ನಮ್ಮನ್ನ ಮುಚ್ಚಿಕೊ," ಅಂದಿತು.

"ನನ್ನ ಪಾಡೂ ಕೇಳವ್ವ," ಅಂದಿತು ಹುಲ್ಲು. "ಈ ಚಿಗರೆಗಳು ನಿಂತಲ್ಲೇ ನಿಂತು ಬೇರಿನ ತನಕ ಮೇಯ್ತಾವ. ಅವನ್ನ ಓಡಿಸೋರು ಯಾರೂ ಇಲ್ಲ."

"ನಾನು ಓಡಿಸ್ತೀನಿ. ಒಂದು ಕಡೆ ನಿಲ್ಲಾಕ ಬಿಡೂದಿಲ್ಲ."

"ಹಂಗಾದರ ನನ್ನ ಬಣ್ಣ ತಗೋ."

ತಾಯಿ, ಮರಿ ಎಲ್ಲ ಹುಲ್ಲಿನಲ್ಲಿ ಹೊರಳಾಡಿದವು. ಎದ್ದಾಗ ಮೈ ಒಣಹುಲ್ಲಿನ ಬಣ್ಣ. ಬೆನ್ನಿನ ಮೇಲೆ ಮಾತ್ರ ಒಂದಿಷ್ಟು ಕಪ್ಪು ಉಳಿದಿತ್ತು. ಹದ್ದು ಸುತ್ತಿ ಸುತ್ತಿ, ಏನೂ ಕಾಣದೆ ಬೇರೆ ಕಡೆ ಹೋಯಿತು. ಆ ಸಂಜೆ ಮರಿಗಳು ಹೊಟ್ಟೆತುಂಬ ಉಂಡವು.

ಕರಿಯವ್ವ ಮಾತು ತಪ್ಪಲಿಲ್ಲ. ಚಿಗರೆಗಳನ್ನು ಈ ಗುಡ್ಡದಿಂದ ಆ ಗುಡ್ಡಕ್ಕೆ ಓಡಿಸುತ್ತಲೇ ಇತ್ತು. ಅವು ಬಿಟ್ಟುಹೋದ ನೆಲದಲ್ಲಿ ಹುಲ್ಲು ಮತ್ತೆ ಚಿಗುರಿತು.

ಅದಕ್ಕೇ ಮಗು, ಇವತ್ತಿಗೂ ಕೊಪ್ಪಳದ ಬಯಲಲ್ಲಿ ತೋಳ ನಿನ್ನ ಎದುರಿಗೇ ನಿಂತಿದ್ದರೂ, ಅದು ಹೆಜ್ಜೆ ಎತ್ತಿಡುವ ತನಕ ನಿನಗೆ ಬರೀ ಒಣಹುಲ್ಲೇ ಕಾಣುತ್ತದೆ.