ಬಿಚ್ಚಿಸಿಕೊಳ್ಳಲು ಒಲ್ಲದ ಗೇಮ್ ಪೆಟ್ಟಿಗೆ

ಕಾಲಿನ ಬಲ ಕಳೆದುಕೊಂಡು ಹಾಸಿಗೆ ಹಿಡಿದಿದ್ದ ಪ್ರಮೀಳೆ ವಿಡಿಯೋ ಗೇಮಿನೊಳಗೆ ಮಾತ್ರ ಓಡುತ್ತಿದ್ದಳು. ಒಂದು ದಿನ ಆ ಗೇಮ್ ಪೆಟ್ಟಿಗೆ ಕಾದು ಕೆಂಡವಾಗಿ ನಿಂತುಹೋಯಿತು. ಅಕ್ಕ ತಾರಾಮತಿ ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ತಂಗಿಯ ಪಕ್ಕದಲ್ಲೇ ಇಟ್ಟುಕೊಂಡು ಸ್ಕ್ರೂಡ್ರೈವರ್ ಹಿಡಿದಳು. ಮೂರು ಸ್ಕ್ರೂ ಬಂದವು. ನಾಲ್ಕನೆಯದನ್ನು ಪೆಟ್ಟಿಗೆ ಬಿಗಿಯಾಗಿ ಹಿಡಿದುಕೊಂಡಿತು.

"ಬಿಡು," ಎಂದಿತು ಸ್ಕ್ರೂಡ್ರೈವರ್.

"ಬಿಡಲಾರೆ. ನನ್ನೊಳಗೆ ಹೊಲಸು ತುಂಬಿದೆ. ಕಂಡರೆ ಆಕೆ ನನ್ನನ್ನು ಗುಜರಿಗೆ ಹಾಕಿಯಾಳು."

"ಗುಜರಿಗೆ ಹಾಕುವವರು ಬಿಚ್ಚಿ ನೋಡುವುದಿಲ್ಲ ತಮ್ಮಾ. ಉಳಿಸಿಕೊಳ್ಳಬೇಕು ಎನ್ನುವವರೇ ಬಿಚ್ಚುತ್ತಾರೆ."

ಪೆಟ್ಟಿಗೆ ಮೆಲ್ಲಗೆ ಸ್ಕ್ರೂ ಸಡಿಲಿಸಿತು.

ಒಳಗಿನ ಫ್ಯಾನಿಗೆ ಧೂಳು, ಕೂದಲು ಸುತ್ತಿಕೊಂಡಿದ್ದವು. "ಅಯ್ಯೋ ಪಾಪ, ಇಷ್ಟು ದಿನ ಉಸಿರು ಕಟ್ಟಿಕೊಂಡೇ ಇವಳನ್ನು ಆಡಿಸಿದೆಯಾ?" ಎನ್ನುತ್ತ ತಾರಾಮತಿ ಮೆತ್ತನೆಯ ಬ್ರಷ್ಷಿನಿಂದ ಒಂದೊಂದೇ ರೆಕ್ಕೆ ಒರೆಸಿದಳು. ಪೆಟ್ಟಿಗೆ ಮುಚ್ಚಿ, ಮತ್ತೆ ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕಿದಾಗ ಫ್ಯಾನು ಹಗುರಾಗಿ ತಿರುಗಿತು.

"ಏನಾಗಿತ್ತಕ್ಕಾ ಅದಕ್ಕೆ?"

"ಧೂಳು ಕಟ್ಟಿತ್ತು ಕಣೇ. ಬಿಚ್ಚಿ ನೋಡೋತನಕ ಗೊತ್ತೇ ಆಗಲಿಲ್ಲ."

ಪ್ರಮೀಳೆ ಆಟ ಶುರು ಮಾಡಲಿಲ್ಲ. ಮುಖ ತಗ್ಗಿಸಿ ಮೆಲ್ಲಗೆ ಹೇಳಿದಳು: "ಅಕ್ಕಾ, ಮಲಗಿ ಮಲಗಿ ನನ್ನ ಬೆನ್ನು ಹುಣ್ಣಾಗಿದೆ. ನಿಂಗೆ ತೋರಿಸೋಕೆ ನಾಚಿಕೆ ಆಗ್ತಿತ್ತು."

ತಾರಾಮತಿ ಕೈ ತೊಳೆದು ಬಂದು ಅವಳ ಪಕ್ಕ ಕೂತಳು.

"ತಿರುಗು ಚಿನ್ನ, ನೋಡ್ತೀನಿ."