ರೆಕ್ಕೆಯ ಮೇಲಿನ ವೇಗ

ಕಪಿಲಾ ನದಿಯ ದಂಡೆಯಲ್ಲಿ ತಿರುಮಲಯ್ಯ ಗುರುಗಳ ಆಶ್ರಮ. ಅಲ್ಲಿ ಕಲಿಸುತ್ತಿದ್ದುದು ಒಂದೇ ವಿದ್ಯೆ: ರಿಮೋಟಿನಿಂದ ಹಾರುವ ಪುಟ್ಟ ವಿಮಾನ ಮಾಡುವುದು, ಹಾರಿಸುವುದು. ನಗಬೇಡಿ, ಅದಕ್ಕೂ ತಪಸ್ಸು ಬೇಕು.

ಶಿಷ್ಯ ತನ್ನ ವಿಮಾನದ ವೇಗವನ್ನು ಸರಿಯಾಗಿ ಅಳೆದ ದಿನ ಗುರುಗಳು ಆ ಸಂಖ್ಯೆಯನ್ನು ಅದರ ರೆಕ್ಕೆಯ ಮೇಲೆ ಬರೆಯುತ್ತಿದ್ದರು. ಆಮೇಲೆ ಅವನು ಬೇರೆಯವರಿಗೆ ಕಲಿಸಬಹುದು. ಅಲ್ಲಿಯವರೆಗೆ ಇಲ್ಲ.

ಕೆಂಪರಾಜು ಬಂದು ಆರು ವರ್ಷವಾಗಿತ್ತು. ಗುಂಡ್ಲುಪೇಟೆಗೆ ಹೋಗಿ ತನ್ನದೇ ಶಾಲೆ ತೆರೆಯಬೇಕೆಂದು ಅವನ ಆಸೆ. ರೆಕ್ಕೆ ಮಾತ್ರ ಇನ್ನೂ ಖಾಲಿ.

ಒಂದು ಬೆಳಿಗ್ಗೆ ಓಡಿ ಬಂದ.

"ಗುರುಗಳೇ, ಗಂಟೆಗೆ ನೂರೈವತ್ತು ಕಿಲೋಮೀಟರ್! ನೂರು ಮೀಟರ್ ದೂರಕ್ಕೆ ಎರಡು ಕಂಬ ನೆಟ್ಟು ಅಳೆದೆ."

"ಗಾಳಿ ಎತ್ತಲಿಂದ ಬೀಸ್ತಿತ್ತು?"

"ವಿಮಾನದ ಹಿಂದಿನಿಂದ."

"ಹಾಗಾದ್ರೆ ಅದರಲ್ಲಿ ಗಾಳಿಯದೆಷ್ಟು, ನಿನ್ನ ವಿಮಾನದ್ದೆಷ್ಟು?"

ಕೆಂಪರಾಜು ಹೋಗಿ ಗಾಳಿಗೆ ಎದುರಾಗಿಯೂ ಹಾರಿಸಿದ. ನೂರು ಬಂತು. ಎರಡನ್ನೂ ಕೂಡಿಸಿ ಅರ್ಧ ಮಾಡಿಕೊಂಡು ಬಂದ.

"ನೂರಿಪ್ಪತ್ತೈದು. ಈಗ ಬರೀರಿ ಗುರುಗಳೇ."

"ಹಾರಿಸಿದ್ದು ಯಾರು?"

"ನಾನು."

"ಸ್ಟಾಪ್‌ವಾಚ್ ಒತ್ತಿದ್ದು?"

"ನಾನೇ. ರಿಮೋಟಿಗೇ ಕಟ್ಟಿಕೊಂಡಿದ್ದೆ."

ಗುರುಗಳು ಅಡುಗೆಮನೆಯತ್ತ ತಿರುಗಿದರು. "ಚೆಲುವಮ್ಮ, ಸ್ವಲ್ಪ ಬಾಮ್ಮ."

ಅಡುಗೆಯ ಚೆಲುವಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. ಇಪ್ಪತ್ತು ವರ್ಷದಿಂದ ಆಶ್ರಮದಲ್ಲಿದ್ದರೂ ಒಂದು ದಿನವೂ ತಲೆಯೆತ್ತಿ ವಿಮಾನ ನೋಡಿದವರಲ್ಲ.

"ಬೇಗ ಹೇಳಿ ಸ್ವಾಮಿ, ಸಾರು ಒಲೆ ಮೇಲಿದೆ."

ಗುರುಗಳು ವಾಚನ್ನು ಅವರ ಕೈಗಿಟ್ಟರು. "ನೀನು ಈ ಕಂಬದ ಹತ್ತಿರ ನಿಲ್ಲು, ನಾನು ಆ ಕಂಬದ ಹತ್ತಿರ ನಿಲ್ತೀನಿ. ವಿಮಾನ ನನ್ನ ಕಂಬ ದಾಟಿದಾಗ ಟವಲ್ ಬೀಸ್ತೀನಿ, ಆಗೊಂದು ಸಲ ಒತ್ತು. ನಿನ್ನ ಕಂಬ ದಾಟಿದಾಗ ಒಂದು ಸಲ ಒತ್ತು."

ಕೆಂಪರಾಜು ಮೂರು ಸಲ ಅತ್ತ, ಮೂರು ಸಲ ಇತ್ತ ಹಾರಿಸಿದ. ಪ್ರತಿ ಸಲವೂ ವಾಚ್ ನೋಡಿಕೊಂಡು ತಾನೇ ಲೆಕ್ಕ ಹಾಕಿದರೆ ನೂರೇಳು.

ಚೆಲುವಮ್ಮ ವಾಚ್ ಕೊಟ್ಟು ಒಲೆಯ ಕಡೆ ಓಡಿದರು.

"ಇವರಿಗೆ ವಿಮಾನದ ಗಂಧಗಾಳಿಯೂ ಗೊತ್ತಿಲ್ಲ, ಗುರುಗಳೇ."

"ಅದಕ್ಕೇ ಕರೆದೆ. ನಿನ್ನ ವಿಮಾನ ಜೋರಾಗಿ ಹೋದ್ರೆ ಅವಳ ಸಾರೇನೂ ರುಚಿಯಾಗಲ್ಲ."

ಕೆಂಪರಾಜುವಿನ ಹೊಟ್ಟೆ ಉರಿಯುತ್ತಿತ್ತು. ಅವನ ಜೊತೆಗೇ ಸೇರಿದ ಅಂಬರೀಷನ ರೆಕ್ಕೆಯ ಮೇಲೆ ಹೋದ ವರ್ಷವೇ ನೂರಹತ್ತು ಎಂದು ಬರೆದಾಗಿತ್ತು. ಅಂಬರೀಷ ಅದನ್ನು ದಿನಕ್ಕೆರಡು ಸಲ ಒರೆಸಿ ಹೊಳೆಯಿಸುತ್ತಿದ್ದ.

ಗುರುಗಳು ಬಣ್ಣದ ಡಬ್ಬಿ, ಕುಂಚ ತಂದು ಅವನ ಮುಂದಿಟ್ಟರು.

"ಈ ಸಲ ನೀನೇ ಬರೆದುಕೋ. ನಾನು ಸ್ನಾನ ಮುಗಿಸಿ ಬರ್ತೀನಿ."

ಅವರು ನದಿಗೆ ಇಳಿದರು. ದಂಡೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕೆಂಪರಾಜು ಒಂದನ್ನು ಬರೆದ. ಕೈ ನಿಂತಿತು. ಇನ್ನೊಂದು ಒಂದನ್ನು ಎಳೆದು ಏಳು ಬರೆದರೆ ನೂರಹದಿನೇಳು. ಅಂಬರೀಷನ ಬಾಯಿ ಮುಚ್ಚುತ್ತದೆ, ಚೆಲುವಮ್ಮನಿಗೆ ನೆನಪೂ ಇರುವುದಿಲ್ಲ, ಗುರುಗಳು ಲೆಕ್ಕ ಕೇಳಿಯೇ ಇಲ್ಲ.

ಕುಂಚದಿಂದ ಬಣ್ಣ ಅವನ ಹೆಬ್ಬೆರಳಿನ ಮೇಲೆ ತೊಟ್ಟಿಕ್ಕಿತು. ಅವನು ಸೊನ್ನೆ ಬರೆದ, ಏಳು ಬರೆದ.

ದೂರದಿಂದ ನೋಡಿದ. ಪರವಾಗಿಲ್ಲ ಅನ್ನಿಸಿತು. ಆರು ವರ್ಷದಲ್ಲಿ ಮೊದಲ ಸಲ ತನ್ನ ವಿಮಾನ ತನಗೆ ಗೊತ್ತಾದಂತಾಗಿ ಖುಷಿಯಾಯಿತು, ಹಸಿವೂ ಆಯಿತು.

ಗುರುಗಳು ತಲೆ ಒರೆಸಿಕೊಳ್ಳುತ್ತ ಬಂದು ರೆಕ್ಕೆ ನೋಡಿದರು.

"ಇನ್ನು ನಾನು ಕಲಿಸಬಹುದಾ, ಗುರುಗಳೇ?"

ಅವರು ಸ್ಟಾಪ್‌ವಾಚನ್ನು ಅವನ ಕೊರಳಿಗೆ ಹಾಕಿದರು.

"ಕಲಿಸಬಹುದು. ನಾಳೆ ಅಂಬರೀಷ ಹೊಸ ವಿಮಾನ ಹಾರಿಸ್ತಾನೆ. ಚೆಲುವಮ್ಮ ಅಡುಗೆ ನೋಡ್ಕೊಳ್ಳಲಿ, ವಾಚ್ ನೀನು ಹಿಡಿ."