ತಿಪ್ಪೇಶಿ ಪಂಪು ಕಟ್ಟಿಕೊಂಡ ಕತೆ

ಬನ್ನಿ, ಹತ್ರ ಕೂತ್ಕೊಳ್ಳಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಮಗ ಹುಟ್ಲಿ ಅಂತ ತಾಯಂದಿರೆಲ್ಲ ಬೇಡ್ಕೋತಾರೆ. ಹೊಳಲ್ಕೆರೆ ಕಾಟಮ್ಮನಿಗೆ ಅಂಥವನೇ ಹುಟ್ಟಿದ. ಅದೇ ಅವಳ ಗೋಳು!

ಹೆಸರು ತಿಪ್ಪೇಶಿ. ಆಳು ಆನೆ, ಬುದ್ಧಿ ಹಸುಗೂಸು. ಚಿಕ್ಕವನಿದ್ದಾಗ್ಲೇ ಸಕ್ಕರೆ ಕಾಯಿಲೆ ಹತ್ತಿ, ದಿನಾ ಇನ್ಸುಲಿನ್ ಸೂಜಿ ಚುಚ್ಚಿಸ್ಕೊಂಡೇ ಬೆಳೆದವನು. ಸಕ್ಕರೆ ಒಂದು ಸಲ ಆಕಾಶಕ್ಕೆ, ಒಂದು ಸಲ ಪಾತಾಳಕ್ಕೆ. ಸಂತೆಯಲ್ಲಿ ಎಚ್ಚರ ತಪ್ಪಿ ಬಿದ್ದ ದಿನ ಕಾಟಮ್ಮ ಸೆರಗು ಬಿಗಿದಳು. "ಸಾಕು! ಇನ್ನೊಂದು ಸಲ ನನ್ನ ಮಗ ಬೀಳಕೂಡದು!"

ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋದಳು. ಅವರು ಒಂದು ಪಂಪು ಕೊಟ್ರು. ಅಂಗೈಯಷ್ಟು ಪೆಟ್ಟಿಗೆ, ಸೊಂಟಕ್ಕೆ ಸಿಕ್ಕಿಸೋದು. ಸಣ್ಣ ಕೊಳವೆಯಿಂದ ಹೊಟ್ಟೆ ಚರ್ಮದೊಳಕ್ಕೆ ಇನ್ಸುಲಿನ್ ಬಿಡುತ್ತೆ.

"ದೀಪಾವಳಿವರೆಗೂ ನೋಡ್ತೀನಿ. ಸಕ್ಕರೆ ಹದಕ್ಕೆ ಬರಬೇಕು. ಪಂಪು ಹಾಕ್ಕೊಂಡ ಮೇಲೆ ಕೆಲವರಿಗೆ ತೂಕ ಏರುತ್ತೆ, ಅದೂ ಏರಬಾರದು. ಸರಿಯಾಗಿ ಬಳಸ್ಲಿಲ್ವೋ, ಮತ್ತೆ ಸೂಜಿಯೇ ಗತಿ!"

"ಹೇಳಿ ಡಾಕ್ಟ್ರಮ್ಮಾ! ಹೇಳಿದ್ದೆಲ್ಲಾ ಮಾಡ್ತೀನಿ!" ಅಂದ ತಿಪ್ಪೇಶಿ ಎದೆ ಉಬ್ಬಿಸಿ.

ಕಾಟಮ್ಮನ ಎದೆ ಧಸಕ್ ಅಂತು.

"ಉಣ್ಣೋಕೆ ಮುಂಚೆ, ಎಷ್ಟು ತಿಂತೀಯ ಅಂತ ಪಂಪಿಗೆ ಹೇಳಬೇಕು, ಗೊತ್ತಾಯ್ತಾ?" ಅಂದ್ರು ಡಾಕ್ಟರಮ್ಮ.

ಗೊತ್ತಾಯ್ತು! ಮನೆಗೆ ಬಂದ, ತಟ್ಟೆ ಮುಂದೆ ಕೂತ, ಸೊಂಟದ ಕಡೆ ಬಗ್ಗಿ ಕೂಗಿದ. "ಪಂಪಣ್ಣಾ! ಎರಡು ಮುದ್ದೆ! ಸೊಪ್ಪಿನ ಸಾರು! ಆಮೇಲೆ ಅನ್ನ!" ಹೇಳಿದ, ಉಂಡ, ಮಲಗಿದ. ಎದ್ದಾಗ ಬಾಯಿ ಒಣಗಿ ಮರಳುಗಾಡು, ಸಕ್ಕರೆ ಆಕಾಶದಲ್ಲಿ!

"ಅಯ್ಯೋ ಮಂಕೇ! ಬಾಯಲ್ಲಿ ಹೇಳೋದೇನೋ? ಗುಂಡಿ ಒತ್ತಬೇಕು ಕಣೋ, ಗುಂಡಿ!"

"ಸರಿ ಅವ್ವಾ! ಗುಂಡಿ ಒತ್ತೀನಿ!"

ಮಾರನೇ ದಿನ ಸೋದರತ್ತೆ ಮನೆಯಲ್ಲಿ ಊಟ. ತಿಪ್ಪೇಶಿ ಕತ್ತಿನಿಂದ ಹೊಟ್ಟೆವರೆಗೂ ಅಂಗಿಯ ಗುಂಡಿಗಳನ್ನೆಲ್ಲಾ ಒತ್ತಿದ. ಒಂದು ಕಿತ್ತು ಪಾಯಸಕ್ಕೆ ಬಿತ್ತು. ತೆಗೆದು ಅದನ್ನೂ ಒತ್ತಿದ! ಆಮೇಲೆ ಉಂಡ. ಸಕ್ಕರೆ ಮತ್ತೆ ಆಕಾಶಕ್ಕೆ!

"ನೀನೇ ಅಂದಿದ್ದಲ್ಲವ್ವಾ!"

"ಪಂಪಿನ ಗುಂಡಿ ಕಣೋ!" ಕಾಟಮ್ಮ ಹಣೆ ಚಚ್ಚಿಕೊಂಡಳು. ಅವನ ಬೆರಳು ಹಿಡಿದು ಪಂಪಿನ ಗುಂಡಿ ಮೇಲಿಟ್ಟಳು. ಅದೊಂದು ಅವನಿಗೆ ಬಂತು. "ಇನ್ನೊಂದು ಮಾತು. ಒಂದೊಂದು ಸಲ ಸಕ್ಕರೆ ಇಳಿಯುತ್ತೆ. ಇಳಿದ ಕೂಡ್ಲೇ ಗ್ಲೂಕೋಸ್ ಪುಡಿ ಬಾಯಿಗೆ ಹಾಕ್ಕೋ. ತಡ ಮಾಡಿದ್ರೆ ಬಿದ್ದುಹೋಗ್ತೀಯ!"

"ತಡ ಮಾಡಲ್ಲವ್ವಾ!"

ಗ್ಲೂಕೋಸ್ ಡಬ್ಬ ಹಿಡ್ಕೊಂಡೇ ಬಜಾರಿಗೆ ಹೋದ. ಶೆಟ್ಟರ ಅಂಗಡಿ ಮುಂದೆ ಲಾರಿ ನಿಂತಿತ್ತು. ಹಮಾಲರು ಮೂಟೆ ಇಳಿಸ್ತಿದ್ರು.

"ಏನಣ್ಣಾ ಇಳೀತಿರೋದು?"

"ಸಕ್ಕರೆ ಕಣಪ್ಪಾ."

"ಅಯ್ಯಯ್ಯೋ! ಸಕ್ಕರೆ ಇಳೀತು!" ಮೂಟೆ ಒಂದು ಇಳಿದ್ರೆ ಗ್ಲೂಕೋಸ್ ಒಂದು ಬೊಗಸೆ. ಇನ್ನೊಂದು ಇಳಿದ್ರೆ ಇನ್ನೊಂದು ಬೊಗಸೆ. ಲಾರಿ ಖಾಲಿ ಆಗೋವರೆಗೂ ಮುಕ್ಕಿದ! ವಾರದಲ್ಲಿ ಲಾರಿ ಎಷ್ಟು ಸಲ ಬಂತೋ ಅಷ್ಟು ಸಲ ಮುಕ್ಕಿದ! ಕೆನ್ನೆ ಊದಿತು, ಹೊಟ್ಟೆ ಮುಂದೆ ಬಂತು.

"ಲಾರಿ ಸಕ್ಕರೆ ಅಲ್ಲವೋ, ನಿನ್ನ ರಕ್ತದ ಸಕ್ಕರೆ! ನೋಡು ಹೇಗೆ ಊದಿದೀಯ! ಇನ್ಮೇಲೆ ತೂಕ ನೋಡ್ಕೊಂಡು ತಿನ್ನು!"

"ನೋಡ್ಕೊಂಡೇ ತಿಂತೀನವ್ವಾ!"

ತಟ್ಟೆ ಎತ್ತಿಕೊಂಡ, ಶೆಟ್ಟರ ಅಂಗಡಿಗೆ ನಡೆದ, ಮೂಟೆ ತೂಗೋ ಯಂತ್ರದ ಮೇಲೆ ಹತ್ತಿದ. ಊಟಕ್ಕೆಲ್ಲಾ ಆಗೋ ಹಾಗೆ ಪಂಪಿನ ಗುಂಡಿ ಸರಿಯಾಗೇ ಒತ್ತಿದ. ತುತ್ತು ಎತ್ತೋಕೆ ಒಂದಿಷ್ಟು ಅಲುಗಾಡಿದ. ಮುಳ್ಳು ಮೇಲೆ ಹೋಯ್ತು!

"ಓಹೋ, ಏರ್ತಾ ಇದೆ! ತಿನ್ನಲ್ಲಪ್ಪಾ!" ತಟ್ಟೆ ಕೆಳಗಿಟ್ಟ. ಇನ್ಸುಲಿನ್ ಒಳಗೆ ಹೋಗಿದೆ, ಊಟ ಹೋಗಿಲ್ಲ. ಬೆವರು ಕಿತ್ತುಕೊಂಡು ಬಂತು, ಕೈ ನಡುಗಿತು, ಕಣ್ಣು ಕತ್ತಲಿಟ್ಟಿತು. ಶೆಟ್ಟರು ಕೂಗಿಕೊಂಡ್ರು. ಕಾಟಮ್ಮ ಓಡಿ ಬಂದಳು.

"ಸಕ್ಕರೆ ಇಳಿದಿದೆ, ಗ್ಲೂಕೋಸ್ ತಿನ್ನೋ!"

"ರಕ್ತ... ಎಲ್ಲೂ ಇಳೀತಿಲ್ವಲ್ಲವ್ವಾ," ಅಂದ ತಿಪ್ಪೇಶಿ, ಕೈಕಾಲು ನೋಡ್ಕೊಂಡು.

ಕಾಟಮ್ಮ ಬೈಯಲಿಲ್ಲ. ಗ್ಲೂಕೋಸ್ ನೀರು ಕುಡಿಸಿ, ಅವನ ತಲೆ ಎದೆಗೊತ್ತಿ ಕೂತಳು. ಅವನ ಮುಖಕ್ಕೆ ಕಳೆ ಮರಳಿತು. ಅವಳ ಕಣ್ಣಲ್ಲಿ ನೀರಿತ್ತು, ಆದ್ರೆ ಹಲ್ಲು ಕಚ್ಚಿದ್ದಳು. "ಹೇಳಿದ್ರೆ ಕೆಡ್ತಾನೆ. ಇನ್ನು ಹೇಳಲ್ಲ, ಮಾಡಿ ತೋರಿಸ್ತೀನಿ!"

ಅವತ್ತಿಂದ ಮಾತಿಲ್ಲ. ಮುದ್ದೆ ಕಟ್ಟಿ ಅಂಗೈಯಲ್ಲಿಟ್ಟು ತೋರಿಸಿದಳು: ಇಷ್ಟು. ಬೆರಳು ಹಿಡಿದು ಒತ್ತಿಸಿದಳು: ಹೀಗೆ. ಒತ್ತಿದ್ದಷ್ಟೂ ಎದುರಿಗೆ ಕೂತು ಉಣ್ಣಿಸಿದಳು. ಬೆವರಿ ನಡುಕ ಬಂದಾಗ ಡಾಕ್ಟರಮ್ಮ ಕೊಟ್ಟ ಅಳತೆ ಚಮಚೆಯಲ್ಲಿ ಗ್ಲೂಕೋಸ್ ತೋರಿಸಿದಳು: ಇಷ್ಟೇ. ಸಂಜೆ ಕೈ ಹಿಡಿದು ಕೆರೆ ಏರಿ ಮೇಲೆ ನಡೆಸಿದಳು. ತಿಪ್ಪೇಶಿ ಒಂದು ಸಲ ಕಲಿತ ಅಂದ್ರೆ ಮುಗೀತು! ಸೋದರತ್ತೆ ಹೋಳಿಗೆ ಹಿಡಿದು ಬಲವಂತ ಮಾಡಿದ್ರೂ ಬಾಯಿ ತೆಗೀಲಿಲ್ಲ. ಮಳೆ ಬಂದ್ರೂ ನಡಿಗೆ ಬಿಡಲಿಲ್ಲ.

ದೀಪಾವಳಿ ಬಂತು. ಡಾಕ್ಟರಮ್ಮ ರಕ್ತ ನೋಡಿದ್ರು, ತೂಕ ನೋಡಿದ್ರು, ಕನ್ನಡಕ ತೆಗೆದು ಇನ್ನೊಂದು ಸಲ ನೋಡಿದ್ರು.

"ಭೇಷ್ ತಿಪ್ಪೇಶಿ! ಸಕ್ಕರೆ ಹದಕ್ಕೆ ಬಂದಿದೆ, ತೂಕನೂ ಇಳಿದಿದೆ! ಪಂಪು ಇನ್ನು ನಿಂದೇ. ಏನೇ ಆಗ್ಲಿ, ಇದನ್ನ ಕೈಬಿಡಬೇಡ!"

ಅಯ್ಯೋ, ಹೇಳಿಬಿಟ್ರಲ್ಲ!

ತಿಪ್ಪೇಶಿ ಸೊಂಟದಿಂದ ಪಂಪು ತೆಗೆದು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡ್ಕೊಂಡ. ಬಸ್ಸಲ್ಲಿ ಕಂಡಕ್ಟರ್ ಕೂಗಿದ. "ಕಂಬಿ ಹಿಡ್ಕೊಳಯ್ಯಾ!"

"ಕೈ ಖಾಲಿ ಇಲ್ಲ ಸಾರ್!" ಬಸ್ಸು ತಿರುಗಿತು, ತಿಪ್ಪೇಶಿ ಕಂಡಕ್ಟರ್ ಮಡಿಲಲ್ಲಿ ಕೂತ. ಪಂಪು ಮಾತ್ರ ಬಿಡಲಿಲ್ಲ!

ಬಸ್ಸಿಳಿದು ಬಜಾರು ನಡುವೆ ನಡೆದ್ರು. ತೂಕ ಇಳಿದ ಮೈ, ಹಳೇ ಪ್ಯಾಂಟು. ಜಾರೋಕೆ ಶುರುವಾಯ್ತು!

"ತಿಪ್ಪೇಶೀ! ಪ್ಯಾಂಟು ಹಿಡ್ಕೊಳೋ!"

"ಡಾಕ್ಟ್ರಮ್ಮ ಪ್ಯಾಂಟಿನ ಮಾತು ಆಡ್ಲಿಲ್ಲವ್ವಾ!"

"ಒಂದು ಕೈನಾದ್ರೂ ಬಿಡೋ!"

"ಬಿಡಲ್ಲವ್ವಾ! ಏನೇ ಆಗ್ಲಿ ಅಂದಿದಾರೆ!"

ಅಂಗಡಿಯವರೆಲ್ಲಾ ಎದ್ದು ನಿಂತು ನೋಡಿದ್ರು. ಮುಂದೆ ಪಂಪು ಎತ್ತಿ ಹಿಡಿದ ಮಗ, ಹಿಂದೆ ಪ್ಯಾಂಟು ಎತ್ತಿ ಹಿಡಿದ ಅವ್ವ. ಮನೆ ಮುಟ್ಟೋವರೆಗೂ ಇಬ್ಬರೂ ಕೈಬಿಡಲಿಲ್ಲ!